ವಠಾರದ ಮಕ್ಕಳು, ಜಮಖಾನದ ಸುಕ್ಕು

(ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಲೋಹಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಮಧ್ಯೆ ದಾರಿ ಬಿಟ್ಟು ಹೋದ ಕಡೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡಿಬಿಡೋಣ, ಮಾತು ಆಮೇಲೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಎಂಟನೇ ಕ್ಲಾಸಿನ ಹುಡುಗನನ್ನು ಕರೆದು ಅವನ ಕೈಗೆ ಒಂದು ತಾಮ್ರದ ಕಂಬಿ ಕೊಟ್ಟೆ. ಮನೆಗೆ ಅರ್ಥಿಂಗ್ ಮಾಡುವಾಗ ಹಾಕುತ್ತಾರಲ್ಲ, ಎಂಟು ಗೇಜಿನದು, ಸುಮಾರು 4 ಮಿಲಿಮೀಟರ್ ದಪ್ಪ. ಹಿಂದಿನ ರಾತ್ರಿ ಅದನ್ನು ಗ್ಯಾಸ್ ಒಲೆಯ ಮೇಲೆ ಕೆಂಪಗಾಗುವವರೆಗೆ ಕಾಸಿ, ನೀರಿಗೆ ಅದ್ದಿ ತಂದಿದ್ದೆ. ಅದಕ್ಕೇ ಮೈಯೆಲ್ಲ ಕಪ್ಪಾಗಿತ್ತು.

"ಬಗ್ಗಿಸು ನೋಡೋಣ" ಎಂದೆ. ಸಲೀಸಾಗಿ ಬಗ್ಗಿತು. "ಈಗ ಅದನ್ನೇ ನೇರ ಮಾಡು."

ಹುಡುಗ ಮೊಣಕಾಲಿಗೆ ಒತ್ತಿ ಹಿಡಿದ. ಹಲ್ಲು ಕಚ್ಚಿದ. ಬಾಗಿದ ಜಾಗದ ಆಚೆ ಈಚೆ ಕಂಬಿ ಸೊಟ್ಟಗಾಯಿತು, ಆದರೆ ಬಾಗು ಮಾತ್ರ ಹಾಗೇ ಉಳಿಯಿತು. ಈಗ ಅಲ್ಲಿ ಎರಡು ಡೊಂಕು ಜಾಸ್ತಿ.

ಕಂಬಿ ಅದೇ, ತೂಕ ಅದೇ. ಒಂದು ಪರಮಾಣು ಹೊಸದಾಗಿ ಬಂದಿಲ್ಲ, ಒಂದೂ ಹೋಗಿಲ್ಲ. ಅರ್ಧ ನಿಮಿಷದಲ್ಲಿ ಒಳಗೆ ಏನಾಯಿತು? ಇವತ್ತು ಈ ಪ್ರಶ್ನೆಯ ಹಿಂದೆ ಹೋಗೋಣ. ನೇರ ದಾರಿಯಲ್ಲೇನೂ ಅಲ್ಲ. ಮಧ್ಯೆ ಪಾತ್ರೆ ಅಂಗಡಿಗೂ ಹೋಗಿ ಬರಬೇಕು.

ಗಾಂಧಿ ಬಜಾರಿನ ಹಣ್ಣಿನ ಅಂಗಡಿಯಲ್ಲಿ ಮೂಸಂಬಿ ಜೋಡಿಸಿಟ್ಟಿರುತ್ತಾರಲ್ಲ, ತಾಮ್ರದ ಪರಮಾಣುಗಳು ಹೆಚ್ಚುಕಡಿಮೆ ಹಾಗೇ ಕೂತಿರುತ್ತವೆ. ಒಂದು ಹಣ್ಣಿನ ಸುತ್ತ ಅದೇ ಪದರದಲ್ಲಿ ಆರು ಹಣ್ಣು. ಮೇಲಿನ ಗುಣಿಗಳಲ್ಲಿ ಮೂರು, ಕೆಳಗೆ ಮೂರು. ಒಟ್ಟು 12 ನೆರೆಹೊರೆ. ಒಂದೇ ಅಳತೆಯ ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಜೋಡಿಸಲು ಆಗುವುದಿಲ್ಲ. ಹೀಗೆ ಜೋಡಿಸಿದರೆ ಜಾಗದ ಶೇ 74ರಷ್ಟು ತುಂಬುತ್ತದೆ. ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ಸೀಸ ಎಲ್ಲ ಇದೇ ಜೋಡಣೆಯವು. ಕಬ್ಬಿಣ ಮಾತ್ರ ಬೇರೆ ಥರ, ಅದನ್ನು ಆಮೇಲೆ ನೋಡೋಣ. ನಮ್ಮ ಹುಡುಗ ಬಗ್ಗಿಸಿದ ಕಂಬಿಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪರಮಾಣುಗಳನ್ನು ಎಣಿಸುತ್ತಾ ಹೋದರೆ ಒಂದೂವರೆ ಕೋಟಿ ಆಗುತ್ತದೆ. ಇಡೀ ಬೆಂಗಳೂರು ಒಂದೇ ಸಾಲಿನಲ್ಲಿ ನಿಂತ ಹಾಗೆ, ಅದೂ ತಳ್ಳಾಡದೆ.

ಇದನ್ನು ಕಣ್ಣಿಂದ ನೋಡಿದವರು ಯಾರು ಅಂತ ಕೇಳಬಹುದು. 1912ರಲ್ಲಿ ಜರ್ಮನಿಯ ವಿಜ್ಞಾನಿ ಲಾವೆ, ಮರುವರ್ಷ ಇಂಗ್ಲೆಂಡಿನಲ್ಲಿ ಬ್ರಾಗ್ ಅಪ್ಪ-ಮಗ, ಹರಳುಗಳ ಒಳಗೆ ಎಕ್ಸ್-ರೇ ಹಾಯಿಸಿ, ಅದು ಚದುರಿದ ಚುಕ್ಕಿಗಳಿಂದ ಸಾಲುಗಳನ್ನು ಲೆಕ್ಕ ಹಾಕುವುದನ್ನು ತೋರಿಸಿಕೊಟ್ಟರು. ಅಲ್ಲಿಂದಾಚೆಗೆ ಇದು ಊಹೆಯ ಮಾತಲ್ಲ.

ಇನ್ನು ಈ ಪರಮಾಣುಗಳನ್ನು ಅಂಟಿಸಿರುವುದು ಏನು? ಇಲ್ಲಿ ನನಗೆ ನೆನಪಾಗುವುದು ನಾನು ಬೆಳೆದ ವಠಾರ. ಎಂಟು ಮನೆ, ಮಧ್ಯೆ ಒಂದು ಅಂಗಳ, ಒಂದು ನಲ್ಲಿ. ಪ್ರತಿ ಮನೆಯ ದೊಡ್ಡವರು ಅವರವರ ಮನೆಯಲ್ಲೇ. ಮಕ್ಕಳು ಮಾತ್ರ ಬೆಳಗಿನಿಂದ ಅಂಗಳದಲ್ಲಿ. ಯಾವ ಮಗು ಯಾವ ಮನೆಯದು ಅಂತ ಯಾರೂ ಕೇಳುತ್ತಿರಲಿಲ್ಲ. ಯಾರ ಮನೆಯಲ್ಲಿ ದೋಸೆಯೋ ಅಲ್ಲಿ ತಿನ್ನುತ್ತಿದ್ದೆವು. ಲೋಹದ ಪರಮಾಣು ಹೀಗೇ. ಒಳಗಿನ ಎಲೆಕ್ಟ್ರಾನುಗಳನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ತೀರಾ ಹೊರಗಿನ ಒಂದೋ ಎರಡೋ ಮೂರೋ ಎಲೆಕ್ಟ್ರಾನುಗಳನ್ನು ಅಂಗಳಕ್ಕೆ ಬಿಡುತ್ತದೆ. ಸೋಡಿಯಂ ಒಂದು, ಮೆಗ್ನೀಸಿಯಂ ಎರಡು, ಅಲ್ಯೂಮಿನಿಯಂ ಮೂರು. ಆಮೇಲೆ ಆ ಎಲೆಕ್ಟ್ರಾನು ಇಡೀ ತುಂಡಿಗೆ ಸೇರಿದ್ದು. ಋಣ ವಿದ್ಯುತ್ತಿನ ಈ ಮಕ್ಕಳ ಸೆಳೆತದಿಂದಲೇ ಧನ ವಿದ್ಯುತ್ತಿನ ಮನೆಗಳೆಲ್ಲ ಒಟ್ಟಿಗೆ ನಿಂತಿರುತ್ತವೆ.

ಉಪ್ಪಿನ ಕಥೆ ಬೇರೆ. ಅಲ್ಲಿ ಸೋಡಿಯಂ ಕೊಟ್ಟಿದ್ದನ್ನು ಕ್ಲೋರಿನ್ ಕಿತ್ತುಕೊಂಡು ಬಚ್ಚಿಟ್ಟುಕೊಳ್ಳುತ್ತದೆ. ಧನ, ಋಣ, ಧನ, ಋಣ ಅಂತ ಚದುರಂಗದ ಮಣೆಯ ಹಾಗೆ ಕೂತಿರುತ್ತವೆ. ವೇದಿಕೆಯ ಮೇಲೆ ಒಂದು ಕಲ್ಲುಪ್ಪಿನ ಹರಳನ್ನು ಸುತ್ತಿಗೆಯಿಂದ ಹೊಡೆದೆ. ಪುಡಿ ಪುಡಿ. ಒಂದು ಸಾಲು ಒಂದು ಮನೆಯಷ್ಟು ಜರುಗಿತು ಅಂದರೆ ಸಾಕು, ಧನದ ಎದುರು ಧನ ಬಂದು ನಿಲ್ಲುತ್ತದೆ, ಒಂದನ್ನೊಂದು ತಳ್ಳುತ್ತವೆ, ಹರಳು ಸೀಳುತ್ತದೆ. ತಾಮ್ರದಲ್ಲಿ ಒಂದು ಸಾಲು ಜರುಗಿದರೆ? ಪಕ್ಕದ ಮನೆ ಬದಲಾಯಿತು ಅಷ್ಟೇ. ಅಂಗಳದ ಮಕ್ಕಳು ಅವರೇ. ಹಾಗಾಗಿ ತಾಮ್ರ ಒಡೆಯುವುದಿಲ್ಲ, ಬಗ್ಗುತ್ತದೆ. ಚಿನ್ನವನ್ನಂತೂ ಬಡಿಯುತ್ತಾ ಹೋದರೆ ಒಂದು ಗ್ರಾಂನಿಂದ ಅರ್ಧ ಚದರ ಮೀಟರಿನಷ್ಟು ರೇಕು ಮಾಡಬಹುದು. ಆ ರೇಕಿನ ದಪ್ಪ ಬರೀ ಕೆಲವು ನೂರು ಪರಮಾಣು.

ಲೋಹದ ಹೊಳಪೂ ಈ ಮಕ್ಕಳದ್ದೇ. ಬೆಳಕು ಬಿದ್ದ ಕೂಡಲೇ ಅಂಗಳದ ಎಲೆಕ್ಟ್ರಾನುಗಳು ಅದರ ತಾಳಕ್ಕೆ ಅಲ್ಲಾಡಿ, ಬೆಳಕನ್ನು ವಾಪಸ್ ಕಳಿಸುತ್ತವೆ. ಒಳಗೆ ಹೋಗಲು ಬಿಡುವುದಿಲ್ಲ.

ಕರೆಂಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಇಲ್ಲಿ ಎಲ್ಲರ ತಲೆಯಲ್ಲೂ ಒಂದು ತಪ್ಪು ಚಿತ್ರ ಇರುತ್ತದೆ. ನನ್ನ ತಲೆಯಲ್ಲೂ ಬಹಳ ವರ್ಷ ಇತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು ಅಂತ ಓದಿದ್ದೇವೆ. ಓದುವಾಗ ಎಲೆಕ್ಟ್ರಾನುಗಳು ಶಿವನಸಮುದ್ರದಲ್ಲಿ ಬಸ್ಸು ಹತ್ತಿ ಸಿಟಿ ಮಾರ್ಕೆಟ್ಟಿನಲ್ಲಿ ಇಳಿದ ಹಾಗೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡೋಣ. ಇಸ್ತ್ರಿ ಪೆಟ್ಟಿಗೆ ಹಾಕಿದಾಗ ಗೋಡೆಯೊಳಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 5 ಆಂಪಿಯರ್ ಹರಿಯುತ್ತದೆ ಅನ್ನಿ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಅಂಗಳಕ್ಕೆ ಬಿಟ್ಟ ಎಲೆಕ್ಟ್ರಾನುಗಳು ಎಷ್ಟಿವೆಯೆಂದರೆ, 85ರ ಮುಂದೆ 18 ಸೊನ್ನೆ. ಅಷ್ಟು ಜನ ಇದ್ದಾಗ ಯಾರೂ ಓಡಬೇಕಾಗಿಲ್ಲ. ಎಲ್ಲರೂ ಸೇರಿ ಒಂದು ಸೆಕೆಂಡಿಗೆ ಕಾಲು ಮಿಲಿಮೀಟರ್ ಸರಿದರೆ ಸಾಕು. ಒಂದು ಮೀಟರ್ ದಾಟಲು ಒಂದು ಗಂಟೆಗಿಂತ ಜಾಸ್ತಿ.

ಇಲ್ಲಿಗೆ ಬರುವಾಗ, ಟ್ರಾಫಿಕ್ ಜಾಮಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜೋಕ್ ಹೇಳಬಾರದು ಅಂತ ತೀರ್ಮಾನ ಮಾಡಿದ್ದೆ. ಹಿಂದಿನ ಸಾಲಿನಿಂದ ಯಾರೋ ಹೇಳಿಯೇಬಿಟ್ಟರು. ಸಭೆ ನಕ್ಕಿತು, ನನ್ನ ತಪ್ಪೇನಿಲ್ಲ.

ಹಾಗಾದರೆ ಸ್ವಿಚ್ ಹಾಕಿದ ತಕ್ಷಣ ದೀಪ ಹೇಗೆ ಹತ್ತುತ್ತದೆ? ಓವರ್‌ಹೆಡ್ ಟ್ಯಾಂಕಿನ ಪೈಪು ತುಂಬಿದ್ದರೆ ನಲ್ಲಿ ತಿರುಗಿಸಿದ ಕೂಡಲೇ ನೀರು ಬರುವ ಹಾಗೆ. ಟ್ಯಾಂಕಿನ ನೀರೇ ಓಡಿ ಬರುವುದಿಲ್ಲ, ಬಾಯಲ್ಲಿದ್ದ ನೀರು ಬೀಳುತ್ತದೆ. ತಂತಿಯ ಉದ್ದಕ್ಕೂ ಎಲೆಕ್ಟ್ರಾನು ಮೊದಲೇ ತುಂಬಿದೆ. 'ಸರಿ' ಅನ್ನುವ ಸಂದೇಶ ಮಾತ್ರ ಬೆಳಕಿನ ವೇಗದ ಹತ್ತಿರ ಹೋಗುತ್ತದೆ. ಇನ್ನೊಂದು ಮಜಾ ಇದೆ. ಮನೆಗೆ ಬರುವುದು ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ. ಅಂದರೆ ಎಲೆಕ್ಟ್ರಾನು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಆಚೆ ಹೋಗಿ ಈಚೆ ಬರುತ್ತದೆ. ತೊಟ್ಟಿಲ ಥರ. ಶಿವನಸಮುದ್ರದ ಎಲೆಕ್ಟ್ರಾನು ಯಾವತ್ತೂ ಬೆಂಗಳೂರು ನೋಡಿಲ್ಲ! ನಮ್ಮ ಮೆಟ್ರೋದ ಮೂರನೇ ಹಳಿಯಲ್ಲಿ ಮಾತ್ರ 750 ವೋಲ್ಟಿನ ಡಿಸಿ. ಅಲ್ಲಿ ನಿಧಾನವಾಗಿಯಾದರೂ ಒಂದೇ ದಿಕ್ಕಿಗೆ ಸರಿಯುತ್ತವೆ.

ವಠಾರದ ಈ ಚಿತ್ರವನ್ನು ಮೊದಲು ಲೆಕ್ಕಕ್ಕೆ ಇಳಿಸಿದವರು ಜರ್ಮನಿಯ ಡ್ರೂಡ, 1900ರಲ್ಲಿ. ಎಲೆಕ್ಟ್ರಾನು ಪತ್ತೆಯಾಗಿ ಆಗಿನ್ನೂ ಮೂರೇ ವರ್ಷ. ಒಂದು ಕಡೆ ಮಾತ್ರ ಲೆಕ್ಕ ಕೈಕೊಟ್ಟಿತು. ಮಕ್ಕಳು ಅಷ್ಟು ಸ್ವತಂತ್ರವಾಗಿದ್ದರೆ ಲೋಹ ಕಾಸುವಾಗ ಅವೂ ಶಾಖದಲ್ಲಿ ಪಾಲು ಕೇಳಬೇಕಿತ್ತು. ಅಳೆದು ನೋಡಿದರೆ ಕೇಳುತ್ತಲೇ ಇಲ್ಲ. 1920ರ ದಶಕದ ಕೊನೆಯಲ್ಲಿ ಸೊಮ್ಮರ್‌ಫೆಲ್ಡ್ ಈ ಗಂಟು ಬಿಡಿಸಿದರು. ಬೆಳಿಗ್ಗೆ 9 ಗಂಟೆಯ ಬಿಎಂಟಿಸಿ ಬಸ್ಸು ನೆನೆಸಿಕೊಳ್ಳಿ. ಮಧ್ಯೆ ಸಿಕ್ಕಿಕೊಂಡವರು ಕೈ ಎತ್ತಲೂ ಜಾಗವಿಲ್ಲ. ಬಾಗಿಲ ಹತ್ತಿರ ಇರುವವರು ಮಾತ್ರ ಹತ್ತಿ ಇಳಿಯಬಹುದು. ಎಲೆಕ್ಟ್ರಾನುಗಳಲ್ಲೂ ಎರಡು ಒಂದೇ ಸ್ಥಿತಿಯಲ್ಲಿ ಇರುವ ಹಾಗಿಲ್ಲ, ಹಾಗಾಗಿ ಶಕ್ತಿಯಲ್ಲಿ ಎಲ್ಲಕ್ಕಿಂತ ಮೇಲಿರುವ ಕೆಲವಕ್ಕೆ ಮಾತ್ರ ಬಿಸಿ ತಗಲುತ್ತದೆ. ಇದರ ಹಿಂದೆ ಇನ್ನೂ ಎಷ್ಟೋ ಇದೆ, ಇವತ್ತಿಗೆ ಇಷ್ಟು ಸಾಕು.

ಈಗ ಪಾತ್ರೆ ಅಂಗಡಿ. ಲೋಹದಲ್ಲಿ ಶಾಖವನ್ನು ಸಾಗಿಸುವ ಕೆಲಸವೂ ಬಹುಪಾಲು ಅಂಗಳದ ಎಲೆಕ್ಟ್ರಾನುಗಳದ್ದೇ. ಅದಕ್ಕೇ ಕರೆಂಟು ಚೆನ್ನಾಗಿ ಹರಿಯುವ ಲೋಹದಲ್ಲಿ ಬಿಸಿಯೂ ಚೆನ್ನಾಗಿ ಹರಿಯುತ್ತದೆ. ಬೆಳ್ಳಿ ಮೊದಲು, ತಾಮ್ರ ಎರಡನೆಯದು. ಬೆಳ್ಳಿ ಲೋಟದಲ್ಲಿ ಬಿಸಿ ಹಾಲು ಕುಡಿದು ತುಟಿ ಸುಟ್ಟುಕೊಂಡವರಿಗೆ ಇದು ಗೊತ್ತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಿಸಿ ಹರಿಯುವುದು ತಾಮ್ರದ ಇಪ್ಪತ್ತೈದನೇ ಒಂದು ಭಾಗದಷ್ಟು. ಕಾಫಿ ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಡಬರಿಗೆ ಎತ್ತಿ ಸುರಿಯುವ ನಮ್ಮ ಶೋಕಿಗೆ ಇದೂ ಒಂದು ಕಾರಣ. ಯಾಕೆ ಇಷ್ಟು ಕಮ್ಮಿ? ಪಾತ್ರೆಯ ಮೇಲೆ 18/8 ಅಂತ ಬರೆದಿರುತ್ತದೆ ನೋಡಿ. ನೂರಕ್ಕೆ 18 ಕ್ರೋಮಿಯಂ, 8 ನಿಕ್ಕಲ್. ಕಬ್ಬಿಣದ ಸಾಲುಗಳಲ್ಲಿ ಅಲ್ಲಲ್ಲಿ ಬೇರೆಯವರು ಕೂತಿದ್ದಾರೆ. ಎಲೆಕ್ಟ್ರಾನು ಹೆಜ್ಜೆ ಹೆಜ್ಜೆಗೂ ಎಡವುತ್ತದೆ.

ಅಂಗಡಿಗೆ ಹೋದಾಗ ಕೆಲವರು ಜೇಬಿನಿಂದ ಅಯಸ್ಕಾಂತ ತೆಗೆದು ಇಡುತ್ತಾರೆ. ಅಂಟಿದರೆ ಡೂಪ್ಲಿಕೇಟ್ ಅನ್ನುತ್ತಾರೆ. ಹಾಗೇನಿಲ್ಲ. ನಿಕ್ಕಲ್ ಇಲ್ಲದ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟುತ್ತದೆ, ಆದರೂ ಅದು ಸ್ಟೇನ್‌ಲೆಸ್ಸೇ. ತುಕ್ಕು ತಡೆಯುವುದು ಕ್ರೋಮಿಯಂ. ನಿಕ್ಕಲ್ ಸೇರಿದಾಗ ಪರಮಾಣುಗಳು ತಾಮ್ರದ ಥರ, ಮೂಸಂಬಿ ಜೋಡಣೆಯಲ್ಲಿ ಕೂರುತ್ತವೆ. ಆ ಜೋಡಣೆಯಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಮನೆಗೆ ಹೋಗಿ ಒಂದು ಪರೀಕ್ಷೆ ಮಾಡಿ. ಅಯಸ್ಕಾಂತ ಅಂಟದ ಪಾತ್ರೆ ತೆಗೆದುಕೊಂಡು ಅದರ ಮಡಿಸಿದ ಅಂಚಿನಲ್ಲೋ, ಒತ್ತಿ ಬಗ್ಗಿಸಿದ ಮೂಲೆಯಲ್ಲೋ ಇಡಿ. ಎಷ್ಟೋ ಪಾತ್ರೆಗಳಲ್ಲಿ ಅಲ್ಲಿ ಮಾತ್ರ ಸ್ವಲ್ಪ ಎಳೆಯುತ್ತದೆ. ಬಗ್ಗಿಸುವಾಗಿನ ಒತ್ತಡಕ್ಕೆ ಅಲ್ಲಿನ ಜೋಡಣೆಯೇ ಬದಲಾಗಿರುತ್ತದೆ.

ಬಗ್ಗಿಸುವುದು ಅಂದಾಗ ನಮ್ಮ ಹುಡುಗನ ಕಂಬಿ ನೆನಪಾಯಿತು.

ಸಾಲುಗಳು ಜರುಗುತ್ತವೆ ಅಂದೆ. 1926ರಲ್ಲಿ ರಷ್ಯಾದ ಫ್ರೆಂಕೆಲ್, ಹಾಗೆ ಇಡೀ ಸಾಲು ಒಟ್ಟಿಗೆ ಜರುಗಲು ಎಷ್ಟು ಬಲ ಬೇಕು ಅಂತ ಲೆಕ್ಕ ಹಾಕಿದರು. ಬಂದ ಉತ್ತರ ನಿಜಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಆ ಲೆಕ್ಕದ ಪ್ರಕಾರ ಎಂಟನೇ ಕ್ಲಾಸಿನ ಹುಡುಗ ಬಿಡಿ, ಗರಡಿಯ ಪೈಲ್ವಾನರಿಗೂ ಈ ಕಂಬಿ ಬಗ್ಗಬಾರದು. ಎಲ್ಲೋ ಏನೋ ಬಿಟ್ಟುಹೋಗಿತ್ತು.

ಛತ್ರದಲ್ಲಿ ಮದುವೆಗೆ ದೊಡ್ಡ ಜಮಖಾನ ಹಾಸಿರುತ್ತಾರೆ. ಅದು ಅರ್ಧ ಅಡಿ ಆಚೆ ಹೋಗಬೇಕು. ಅಂಚು ಹಿಡಿದು ಎಳೆದರೆ ನಾಲ್ಕು ಜನಕ್ಕೂ ಬರುವುದಿಲ್ಲ. ತಿಳಿದವರು ಏನು ಮಾಡುತ್ತಾರೆ? ಒಂದು ಅಂಚಿನಲ್ಲಿ ಸುಕ್ಕು ಎಬ್ಬಿಸಿ, ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತಾ ಇನ್ನೊಂದು ಅಂಚಿಗೆ ಒಯ್ಯುತ್ತಾರೆ. ಸುಕ್ಕು ಆಚೆ ಹೊರಟುಹೋದಾಗ ಇಡೀ ಜಮಖಾನ ಸುಕ್ಕಿನಷ್ಟು ಜರುಗಿರುತ್ತದೆ. ಒಬ್ಬರೇ ಸಾಕು. 1934ರಲ್ಲಿ ಟೇಲರ್, ಓರೊವಾನ್, ಪೊಲಾನಿ ಮೂವರೂ ಬೇರೆ ಬೇರೆಯಾಗಿ ಇದನ್ನೇ ಹೇಳಿದರು. ಹರಳಿನೊಳಗೆ ಅಲ್ಲಲ್ಲಿ ಅರ್ಧಕ್ಕೇ ನಿಂತುಹೋದ ಸಾಲುಗಳಿವೆ. ಬಲ ಬಿದ್ದಾಗ ಆ ಅರೆಸಾಲಿನ ತುದಿ ಸುಕ್ಕಿನ ಹಾಗೆ ಸರಿಯುತ್ತಾ ಹೋಗುತ್ತದೆ. ಇದಕ್ಕೆ ಡಿಸ್‌ಲೊಕೇಶನ್ ಅನ್ನುತ್ತಾರೆ. ನಾನು ಸುಕ್ಕು ಅಂತಲೇ ಕರೆಯುತ್ತೇನೆ.

ಇದನ್ನು ತೋರಿಸಲು ಸ್ಟೀಲ್ ತಟ್ಟೆಯಲ್ಲಿ ಸೋಪಿನ ನೀರು ತಂದಿದ್ದೆ. ಮೀನಿನ ತೊಟ್ಟಿಯ ಸಣ್ಣ ಪಂಪಿಗೆ ಇಂಜೆಕ್ಷನ್ ಸೂಜಿ ಸಿಕ್ಕಿಸಿ ನೀರಿನಲ್ಲಿ ಮುಳುಗಿಸಿದರೆ ಒಂದೇ ಅಳತೆಯ ಗುಳ್ಳೆಗಳು ಸಾಲಾಗಿ ಬಂದು ತೇಲುತ್ತವೆ. 1947ರಲ್ಲಿ ಆ ಬ್ರಾಗ್‌ಗಳಲ್ಲಿ ಮಗ ಮತ್ತು ನೈ ಅನ್ನುವವರು ಮಾಡಿ ತೋರಿಸಿದ ಉಪಾಯ ಇದು. ತಟ್ಟೆಯ ಮೇಲೆ ಮೊಬೈಲ್ ಹಿಡಿದು ಪರದೆಗೆ ಹಾಕಿದೆವು. ಜೇನುಗೂಡಿನ ಹಾಗೆ, ಪ್ರತಿ ಗುಳ್ಳೆಗೂ ಆರು ನೆರೆಹೊರೆ. ಎರಡು ಸ್ಕೇಲುಗಳಿಂದ ಗುಳ್ಳೆಗಳ ಗುಂಪನ್ನು ಮೆಲ್ಲಗೆ ಒತ್ತಿದೆ. ಒಂದು ಗೆರೆ ಸರ್ರನೆ ಈ ಕಡೆಯಿಂದ ಆ ಕಡೆಗೆ ಓಡಿತು. ಗುಳ್ಳೆಗಳು ಓಡಲಿಲ್ಲ, ಒಂದೊಂದೂ ಒಂದು ಹೆಜ್ಜೆ ಸರಿಯಿತು ಅಷ್ಟೇ. ಓಡಿದ್ದು ಸುಕ್ಕು. ಸಭೆಯಿಂದ 'ಹೋ' ಅಂತ ಬಂತು. ಮೂರು ಸಲ ಮಾಡಿಸಿದರು.

ಇದೇ ಮನೆಯಲ್ಲಿ ಪ್ರಯತ್ನ ಮಾಡುವಾಗ ಎರಡು ದಿನ ಕೆಟ್ಟಿತ್ತು. ಸೂಜಿಯ ಬಾಯಿ ಕಟ್ಟಿಕೊಂಡು ಗುಳ್ಳೆ ಒಂದು ದಪ್ಪ, ಒಂದು ಸಣ್ಣ ಬರುತ್ತಿತ್ತು. ಮಧ್ಯೆ ಒಂದು ದಪ್ಪ ಗುಳ್ಳೆ ಕೂತರೆ ಸಾಕು, ಓಡಿಬಂದ ಗೆರೆ ಅಲ್ಲಿಗೆ ನಿಂತುಬಿಡುತ್ತಿತ್ತು. ಬೈದುಕೊಂಡು ಚೆಲ್ಲಿದೆ. ಚೆಲ್ಲಿದ ಮೇಲೆ ಹೊಳೆಯಿತು, ನಾನು ಚೆಲ್ಲಿದ್ದು 22 ಕ್ಯಾರಟ್ ಚಿನ್ನ. 916 ಅಂತ ಎಲ್ಲರಿಗೂ ಬಾಯಿಪಾಠ. ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ತಾಮ್ರದ ಪರಮಾಣು ಚಿನ್ನದ್ದಕ್ಕಿಂತ ಸಣ್ಣದು. ಅದು ಕೂತಲ್ಲಿ ಸಾಲು ಸ್ವಲ್ಪ ಕುಗ್ಗುತ್ತದೆ, ಸುಕ್ಕು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಳೆ ಸೊಟ್ಟಗಾಗದೆ ಉಳಿಯುತ್ತದೆ. ಆದರೆ ಸುಕ್ಕಿಗೆ ಅಡ್ಡ ಬಂದದ್ದೇ ಎಲೆಕ್ಟ್ರಾನಿಗೂ ಅಡ್ಡ ಬರುತ್ತದೆ. ತಾಮ್ರಕ್ಕೆ ಸತು ಸೇರಿಸಿ ಹಿತ್ತಾಳೆ ಮಾಡಿದರೆ ಗಟ್ಟಿಯೇನೋ ಆಗುತ್ತದೆ, ಕರೆಂಟು ಹರಿಯುವುದು ಕಾಲು ಭಾಗದಷ್ಟಕ್ಕೆ ಇಳಿಯುತ್ತದೆ. ವೈಂಡಿಂಗ್ ಅಂಗಡಿಯವರು ಶುದ್ಧ ತಾಮ್ರವೇ ಬೇಕು ಅಂತ ಹಟ ಹಿಡಿಯುವುದು ಇದಕ್ಕೇ.

ಸರಿ, ಕಂಬಿಗೆ ಉತ್ತರ. ಬಗ್ಗಿಸಿದಾಗ ಸುಕ್ಕುಗಳು ಓಡಿದವು. ಓಡುತ್ತಾ ಹೊಸ ಸುಕ್ಕುಗಳನ್ನು ಹುಟ್ಟಿಸಿದವು. ಬೇರೆ ಬೇರೆ ದಿಕ್ಕಿನ ಸುಕ್ಕುಗಳು ಒಂದಕ್ಕೊಂದು ತೊಡರಿಕೊಂಡವು, ಗಾಳಿಪಟದ ದಾರ ಗೋಜಲಾದ ಹಾಗೆ. ಈಗ ಯಾವ ಸುಕ್ಕಿಗೂ ಓಡಲು ದಾರಿ ಇಲ್ಲ. ಚೆನ್ನಾಗಿ ಬಡಿದು ಎಳೆದ ಲೋಹದ ಒಂದು ಘನ ಸೆಂಟಿಮೀಟರಿನಲ್ಲಿ, ಅಂದರೆ ಒಂದು ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ, ಈ ಸುಕ್ಕಿನ ಗೆರೆಗಳನ್ನೆಲ್ಲ ಬಿಡಿಸಿ ಉದ್ದಕ್ಕೆ ಹಾಕಿದರೆ 10 ಲಕ್ಷ ಕಿಲೋಮೀಟರ್ ದಾಟುತ್ತದೆ. ಚಂದ್ರನಿಗೆ ಹೋಗಿ ಬಂದರೂ ಉಳಿಯುತ್ತದೆ. ಈ ಅಂಕಿಯನ್ನು ನಾನೇ ಎರಡು ಸಲ ಲೆಕ್ಕ ಹಾಕಿ ನೋಡಿದ್ದೇನೆ, ಮೊದಲ ಸಲ ನಂಬಿಕೆ ಬರಲಿಲ್ಲ.

ಕಾಸಿದಾಗ ಏನಾಗುತ್ತದೆ? ಪರಮಾಣುಗಳಿಗೆ ಜಾಗ ಬದಲಿಸುವಷ್ಟು ಶಕ್ತಿ ಬರುತ್ತದೆ. ಗೋಜಲಾದ ಜಾಗದಲ್ಲಿ ಹೊಸ, ಅಚ್ಚುಕಟ್ಟಾದ ಹರಳುಗಳು ಮೊಳೆತು ಬೆಳೆಯುತ್ತವೆ. ಲೋಹ ಒಂದೇ ಹರಳಲ್ಲ, ಸಣ್ಣ ಸಣ್ಣ ಹರಳುಗಳ ಕೂಟ. ನೋಡಬೇಕು ಅಂದರೆ ಹಳೆಯ ಜಿಐ ಬಕೆಟ್ ಹುಡುಕಿ. ಮೇಲಿನ ಸತುವಿನಲ್ಲಿ ಗರಿ ಬಿಡಿಸಿದ ಹಾಗೆ ಚಿತ್ತಾರ ಕಾಣುತ್ತದೆ. ಒಂದೊಂದು ಗರಿಯೂ ಒಂದು ಹರಳು.

ನಾನು ಕಂಬಿಯನ್ನು ನೀರಿಗೆ ಅದ್ದಿದೆ ಅಂದಾಗ ಒಬ್ಬರು ಹುಬ್ಬೇರಿಸಿದ್ದರು. ಕಮ್ಮಾರರು ಗಟ್ಟಿಯಾಗಲಿ ಅಂತ ಅಲ್ವಾ ನೀರಿಗೆ ಹಾಕುವುದು? ಅದು ಉಕ್ಕಿನ ಮಾತು. ಕಬ್ಬಿಣದ ಪರಮಾಣುವಿಗೆ ತಣ್ಣಗಿರುವಾಗ ಎಂಟೇ ನೆರೆಹೊರೆ. 912 ಡಿಗ್ರಿ ದಾಟಿದರೆ ಅದು ಮೂಸಂಬಿ ಜೋಡಣೆಗೆ ಬದಲಾಗುತ್ತದೆ, ಆ ಜೋಡಣೆಯ ಸಂದುಗಳಲ್ಲಿ ಇಂಗಾಲ ಆರಾಮಾಗಿ ಕೂರುತ್ತದೆ. ಮೆಲ್ಲಗೆ ಆರಿದರೆ ಇಂಗಾಲ ಹೊರಗೆ ಬರುತ್ತದೆ. ಪಟ್ಟನೆ ನೀರಿಗೆ ಅದ್ದಿದರೆ ಬರಲು ಸಮಯವೇ ಸಿಗುವುದಿಲ್ಲ. ಒಳಗೇ ಸಿಕ್ಕಿಬಿದ್ದು ಸಾಲುಗಳನ್ನು ತಿರುಚಿ ಹಿಡಿಯುತ್ತದೆ, ಸುಕ್ಕು ಅಲ್ಲಾಡುವುದಿಲ್ಲ. ಅದೇ ಮಚ್ಚಿನ ಬಾಯಿ. ತಾಮ್ರದಲ್ಲಿ ಈ ಬದಲಾವಣೆಯೇ ಇಲ್ಲ, ನೀರಿಗೆ ಹಾಕಿದರೂ ಮೆತ್ತಗೇ ಇರುತ್ತದೆ. ಅಂದಹಾಗೆ ಇಂಗ್ಲಿಷಿನವರು ನಮ್ಮ ಕಡೆಯ ಉಕ್ಕನ್ನು 'ವೂಟ್ಜ್' ಅಂತ ಕರೆದರು. ಅದು ನಮ್ಮ 'ಉಕ್ಕು' ಅನ್ನುವ ಮಾತಿನಿಂದಲೇ ಬಂದದ್ದು ಅಂತ ಹಲವರು ಹೇಳುತ್ತಾರೆ.

ಪ್ರಶ್ನೆಗಳ ಸಮಯದಲ್ಲಿ ಒಬ್ಬ ಅಮ್ಮ ಚಿನ್ನ ಮಾತ್ರ ಯಾಕೆ ಹಳದಿ ಎಂದು ಕೇಳಿದರು. ಬೆಳ್ಳಿ ಕಣ್ಣಿಗೆ ಕಾಣುವ ಎಲ್ಲ ಬಣ್ಣವನ್ನೂ ವಾಪಸ್ ಕಳಿಸುತ್ತದೆ. ಚಿನ್ನ ನೀಲಿಯನ್ನು ನುಂಗುತ್ತದೆ, ಉಳಿದದ್ದು ಹಳದಿಯಾಗಿ ಕಾಣುತ್ತದೆ. ಚಿನ್ನದ ಪರಮಾಣುವಿನ ನಡುವೆ 79 ಪ್ರೋಟಾನುಗಳ ಸೆಳೆತ ಎಷ್ಟೆಂದರೆ, ಅದರ ತೀರಾ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿರುತ್ತವೆ. ಅಷ್ಟು ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತ ಲೆಕ್ಕಕ್ಕೆ ಬರುತ್ತದೆ, ಹೊರಗಿನ ಎಲೆಕ್ಟ್ರಾನುಗಳ ಶಕ್ತಿಯೂ ಬದಲಾಗುತ್ತದೆ, ಅದಕ್ಕೇ ಅವು ನೀಲಿಯನ್ನು ನುಂಗುತ್ತವೆ. ಅಮ್ಮ ಒಮ್ಮೆ ಬಳೆ ತಿರುಗಿಸಿ ನೋಡಿಕೊಂಡರು.

ಕೊನೆಯಲ್ಲಿ ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರು ಎದ್ದರು. "ಸರ್, ನಾವು ತೂತಿನ ಪಟ್ಟಿಯಲ್ಲಿ ಕಂಬಿ ಎಳೆದು ಸಣ್ಣ ಮಾಡೋವಾಗ ಮೂರು ನಾಲ್ಕು ತೂತು ದಾಟಿದ್ಮೇಲೆ ಕಾಸ್ತೀವಿ. ಇಲ್ಲಾಂದ್ರೆ ತುಂಡಾಗುತ್ತೆ. ಅದು ಈ ಗೋಜಲು ಬಿಡಿಸೋಕೇನಾ?"

ಅದಕ್ಕೇ ಎಂದೆ.

"ಹಾಗಾದ್ರೆ ಜಾಸ್ತಿ ಕಾಸಿದ್ರೆ ಇನ್ನೂ ಒಳ್ಳೇದಾಗ್ಬೇಕಲ್ಲ? ಆಗಲ್ಲ ನೋಡಿ. ಆಮೇಲೆ ಬಗ್ಗಿಸಿದ್ರೆ ಮೈ ಒರಟಾಗುತ್ತೆ."

ಇದನ್ನು ನಾನು ಹೇಳದೆ ಬಿಟ್ಟಿದ್ದೆ. ಜಾಸ್ತಿ ಹೊತ್ತು ಕಾಸಿದರೆ ಹರಳುಗಳು ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ. ದೊಡ್ಡ ಹರಳುಗಳು ಬಗ್ಗುವಾಗ ಒಂದೊಂದೂ ತನ್ನ ದಿಕ್ಕಿಗೆ ಜರುಗಿ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗಾಗುತ್ತದೆ. "ಎಷ್ಟು ಕಾಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಆಚಾರ್ರೇ?" ಎಂದು ಕೇಳಿದೆ.

"ದೀಪ ಆರಿಸ್ಕೊಂಡು ಕಾಸ್ತೀವಿ. ಕತ್ತಲಲ್ಲಿ ಕೆಂಪು ಈಗ ಕಾಣ್ತು ಅನ್ನೋವಾಗ್ಲೇ ತೆಗೆದ್ಬಿಡ್ಬೇಕು."

ಹುಡುಗ ಸೊಟ್ಟ ಕಂಬಿಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ. ಆಚಾರ್ರು ಅದನ್ನು ಇಸ್ಕೊಂಡು, ಬಾಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿ ಜೇಬಿಗೆ ಹಾಕಿಕೊಂಡರು. "ಮುಂದಿನ ವಾರ ಕಾಸಿ ತಂದ್ಕೊಡ್ತೀನಿ ಮರಿ" ಎಂದರು. "ಆಗ ನೇರ ಮಾಡುವಿಯಂತೆ."